ಆಡಳಿತ ಸೇವೆಗಳಲ್ಲಿ ಭಾಷಾ ಸೌಲಭ್ಯ (ಬಳ್ಳಾರಿ)

ಅರ್ಜಿ, ನೋಟಿಸು, ಆದೇಶಗಳು ಜನರಿಗೆ ತಿಳಿಯುವ ಭಾಷೆಯಲ್ಲಿ ಸಿಗುವಂತೆ ಮಾಡುವ ಆಡಳಿತ ವ್ಯವಸ್ಥೆ. ಬಳ್ಳಾರಿಯಲ್ಲಿ ಇದರ ಅಗತ್ಯಕ್ಕೆ ಗಡಿ ಬದಲಾವಣೆಯ ಹಿನ್ನೆಲೆಯಿದೆ. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ, ಸಿರುಗುಪ್ಪ ಸೇರಿ 7 ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಗಡಿ ಎಳೆದಷ್ಟು ಸಲೀಸಾಗಿ ಜನರ ಮಾತು ಬೇರೆಯಾಗಲಿಲ್ಲ: ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಇಂದಿಗೂ ಬಳಕೆಯಲ್ಲಿವೆ. ರಾಜ್ಯದ 1963ರ ರಾಜಭಾಷಾ ಅಧಿನಿಯಮದಂತೆ ಆಡಳಿತ ಭಾಷೆ ಕನ್ನಡ. ಜಮೀನಿನ ದಾಖಲೆಯಾದ ಪಹಣಿಯೂ ಕನ್ನಡದಲ್ಲೇ ಬರುತ್ತದೆ. ಅದರಲ್ಲಿನ ಸರ್ವೆ ನಂಬರ್, ಋಣಗಳ ಕಾಲಂ ಓದಲಾಗದ ರೈತ ಮಧ್ಯವರ್ತಿಯನ್ನೇ ನಂಬಬೇಕಾಗುತ್ತದೆ. ಇಂಥವರಿಗೆ ಅನ್ಯಭಾಷೆಯಲ್ಲಿ ನೀಡುವ ನೆರವು ಕನ್ನಡವನ್ನು ಕುಗ್ಗಿಸುತ್ತದೆಂಬ ಆಕ್ಷೇಪ ನಿಲ್ಲುವುದಿಲ್ಲ. ದಾಖಲೆ ಕನ್ನಡದಲ್ಲೇ ಇದ್ದು ಕೌಂಟರಿನಲ್ಲಿ ಬಾಯಿಮಾತಿನ ವಿವರಣೆ ಸಿಕ್ಕರೆ ಕನ್ನಡದ ಕಡತವೇ ಹೆಚ್ಚು ಜನರನ್ನು ಮುಟ್ಟುತ್ತದೆ. ಇನ್ನು ಅರ್ಜಿಯ ವಿಷಯದಲ್ಲಿ, ಸಂವಿಧಾನದ 350ನೇ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು.