ಸೀಳಿದ ಗ್ರೌಂಡ್ ಪ್ಲೇನ್: ಸರ್ಕಿಟ್ ಬೋರ್ಡಿನ ಒಂದು ವಿವಾದದ ಇತಿಹಾಸ

ಪ್ರಿಂಟೆಡ್ ಸರ್ಕಿಟ್ ಬೋರ್ಡಿನಲ್ಲಿ ಗ್ರೌಂಡಿಗೋ ವಿದ್ಯುತ್ ಪೂರೈಕೆಗೋ ಮೀಸಲಾಗಿ, ಪದರದ ತುಂಬ ಹಾಸಿದ ತಾಮ್ರದ ಹಾಳೆಗೆ ಪ್ಲೇನ್ ಎಂದು ಹೆಸರು. ಅದನ್ನು ಎರಡೋ ಮೂರೋ ತುಂಡಾಗಿ ಬೇರ್ಪಡಿಸಿದರೆ ಅದು ಸ್ಪ್ಲಿಟ್ ಪ್ಲೇನ್, ಅಂದರೆ ಸೀಳಿದ ಪ್ಲೇನ್. ಆ ಸೀಳನ್ನು ದಾಟಿಸಿ ಟ್ರೇಸ್, ಅಂದರೆ ಸಿಗ್ನಲ್ ಒಯ್ಯುವ ತಾಮ್ರದ ಗೆರೆ, ಎಳೆಯಬಹುದೇ ಎಂಬ ಪ್ರಶ್ನೆಗೆ ವಿನ್ಯಾಸಕಾರರು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಾಯ್ಸ್ (ಬೇಡದ ವಿದ್ಯುತ್ ಗದ್ದಲ) ತಡೆಯಲೆಂದು ಮಾಡಿದ ಸೀಳೇ ನಾಯ್ಸಿನ ಮೂಲವಾದದ್ದು ಈ ಇತಿಹಾಸದ ತಿರುಳು.

ಮೊದಮೊದಲ ಬೋರ್ಡುಗಳಲ್ಲಿ ಸೀಳಲು ಪ್ಲೇನೇ ಇರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ವಲಸೆ ಬಂದ ಪಾಲ್ ಐಸ್ಲರ್ 1936ರ ಹೊತ್ತಿಗೆ ತಂತಿಗಳ ಬದಲು ಲೋಹದ ಹಾಳೆಯ ಗೆರೆಗಳಿಂದ ರೇಡಿಯೊ ಕಟ್ಟಿ ತೋರಿಸಿದ. 1943ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಅಲ್ಲಿಂದ ಬಹುಕಾಲ ಗ್ರೌಂಡ್ ಎಂದರೂ ಅದು ಇನ್ನೊಂದು ಗೆರೆಯಷ್ಟೇ.

ಅಗಲವಾದ ಲೋಹದ ಹಾಳೆಯ ಮೇಲೆ ಒಂದು ಪಟ್ಟಿಯನ್ನಿಟ್ಟರೆ ಅಧಿಕ ಆವರ್ತನದ ಸಿಗ್ನಲ್ ಅಲೆದಾಡದೆ ಸಾಗುತ್ತದೆ ಎಂಬ ಅರಿವು ಬಂದದ್ದು ಮೈಕ್ರೋವೇವ್ ಕಡೆಯಿಂದ. 1952ರಲ್ಲಿ ಅಮೆರಿಕದ ಗ್ರೀಗ್ ಮತ್ತು ಎಂಗಲ್‌ಮನ್ ಇದನ್ನು ಮೈಕ್ರೋಸ್ಟ್ರಿಪ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕಂಪ್ಯೂಟರುಗಳು ವೇಗ ಹೆಚ್ಚಿಸಿಕೊಂಡಂತೆ ಈ ವಿದ್ಯೆ ಅಲ್ಲಿಗೂ ಇಳಿಯಿತು. 1976ರ ಕ್ರೇ-1 ಸೂಪರ್‌ಕಂಪ್ಯೂಟರಿನ ಬೋರ್ಡಿಗೆ ಐದು ಪದರ: ಹೊರಗಿನೆರಡರಲ್ಲಿ ಸಿಗ್ನಲ್, ಒಳಗಿನ ಮೂರರಲ್ಲಿ ಗ್ರೌಂಡ್ ಮತ್ತು ಎರಡು ವೋಲ್ಟೇಜ್‌ಗಳ ಪ್ಲೇನುಗಳು. 12.5 ನ್ಯಾನೊಸೆಕೆಂಡಿನ ಗಡಿಯಾರಕ್ಕೆ ಅಷ್ಟು ಶಿಸ್ತು ಬೇಕಿತ್ತು.

ಪ್ಲೇನಿನ ಕೆಲಸ ಅರ್ಥವಾಗಬೇಕಾದರೆ ಹಿಂದಿರುಗುವ ಕರೆಂಟನ್ನು ನೋಡಬೇಕು. ಟ್ರೇಸಿನಲ್ಲಿ ಹೋದಷ್ಟೇ ಕರೆಂಟ್ ಮೂಲಕ್ಕೆ ವಾಪಸು ಬರಲೇಬೇಕು. ನೇರ ವಿದ್ಯುತ್ತಾದರೆ ರೋಧ ಕಡಿಮೆ ಇರುವಲ್ಲೆಲ್ಲ ಹರಡಿಕೊಂಡು ಬರುತ್ತದೆ. ಆವರ್ತನ ಏರಿದಾಗ ಮಾತ್ರ ಅದಕ್ಕೆ ಬೇಕಾದದ್ದು ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಒಡ್ಡುವ ತಡೆ) ಕಡಿಮೆ ಇರುವ ದಾರಿ; ಆ ದಾರಿ ಇರುವುದು ಟ್ರೇಸಿನ ನೇರ ಕೆಳಗೆ. ಟ್ರೇಸ್ ಪ್ಲೇನಿನಿಂದ 0.2 ಮಿಲಿಮೀಟರ್ ಎತ್ತರದಲ್ಲಿದ್ದರೆ, ಮರಳುವ ಕರೆಂಟಿನ ಸುಮಾರು ಶೇ. 80 ಭಾಗ ಎರಡೂ ಬದಿಗೆ 0.6 ಮಿಲಿಮೀಟರಿನೊಳಗೇ ಹರಿಯುತ್ತದೆ. ಇಡೀ ಬೋರ್ಡಿಗೆ ಹಾಸಿದ ತಾಮ್ರದಲ್ಲಿ ಒಂದು ಸಿಗ್ನಲ್ ಬಳಸಿಕೊಳ್ಳುವುದು ದಾರದಷ್ಟು ಜಾಗ!

ಈಗ ಆ ಜಾಗಕ್ಕೆ ಅಡ್ಡಲಾಗಿ ಸೀಳು ಬಂತೆನ್ನಿ. ಮೇಲಿನ ಟ್ರೇಸ್ ಸಲೀಸಾಗಿ ದಾಟಿಹೋಗುತ್ತದೆ. ಕೆಳಗಿನ ಕರೆಂಟ್‌ಗೆ, ಕಾಲುವೆ ಅಗೆದ ಮೇಲೆ ಆಚೆ ಹೊಲಕ್ಕೆ ಹೋಗಲು ಸೇತುವೆಯವರೆಗೆ ಸುತ್ತುವ ರೈತನ ಪಾಡು. ಸುತ್ತು ದೊಡ್ಡದಾದಷ್ಟೂ ಹೋಗಿ-ಬರುವ ಕರೆಂಟಿನ ಕುಣಿಕೆಯ ಇಂಡಕ್ಟೆನ್ಸ್ ಏರುತ್ತದೆ, ಸಿಗ್ನಲಿನ ಅಂಚು ಮೊಂಡಾಗುತ್ತದೆ. ಅದೇ ಸೀಳನ್ನು ದಾಟುವ ಪಕ್ಕದ ಟ್ರೇಸುಗಳ ಕರೆಂಟೂ ಅದೇ ಸುತ್ತುದಾರಿ ಹಿಡಿಯುವುದರಿಂದ ಒಂದರ ಸಿಗ್ನಲ್ ಇನ್ನೊಂದರಲ್ಲಿ ಇಣುಕುತ್ತದೆ. ಸೀಳು ತಾನೇ ಆಂಟೆನಾದಂತೆ ವರ್ತಿಸುವುದೂ ಉಂಟು. ಲೋಹದಲ್ಲಿ ಸೀಳು ಕೊರೆದು ಬೇಕೆಂದೇ ಆಂಟೆನಾ ಮಾಡುವುದನ್ನು 1938ರಷ್ಟು ಹಿಂದೆಯೇ ಬ್ರಿಟನ್ನಿನ ಅಲನ್ ಬ್ಲಮ್‌ಲೈನ್ ಯೋಚಿಸಿದ್ದ.

ಇಷ್ಟೆಲ್ಲ ಇದ್ದರೂ ಸೀಳುವ ಪದ್ಧತಿ ಏಕೆ ಬೇರೂರಿತು? ಉತ್ತರ ಅನಲಾಗ್-ಡಿಜಿಟಲ್ ಪರಿವರ್ತಕ ಚಿಪ್ಪುಗಳಲ್ಲಿದೆ. 5 ವೋಲ್ಟ್ ವ್ಯಾಪ್ತಿಯ 12 ಬಿಟ್ ಪರಿವರ್ತಕ ಗುರುತಿಸಬೇಕಾದ ಅತಿ ಸಣ್ಣ ಹೆಜ್ಜೆ ಸುಮಾರು 1.2 ಮಿಲಿವೋಲ್ಟ್, 16 ಬಿಟ್ ಆದರೆ ಸುಮಾರು 76 ಮೈಕ್ರೋವೋಲ್ಟ್. ಪಕ್ಕದಲ್ಲೇ ಡಿಜಿಟಲ್ ಚಿಪ್ಪುಗಳು ಗ್ರೌಂಡನ್ನು ಅಲುಗಾಡಿಸುತ್ತಿದ್ದರೆ ಅಷ್ಟು ಸೂಕ್ಷ್ಮ ಅಳತೆ ಕೆಟ್ಟಂತೆಯೇ. ಚಿಪ್ಪಿನ ಕಾಲುಗಳ ಮೇಲೂ ‘ಅನಲಾಗ್ ಗ್ರೌಂಡ್’, ‘ಡಿಜಿಟಲ್ ಗ್ರೌಂಡ್’ ಎಂದು ಬೇರೆ ಬೇರೆ ಹೆಸರಿದ್ದವು. ಹೆಸರು ಎರಡು ಎಂದ ಮೇಲೆ ಪ್ಲೇನೂ ಎರಡಿರಲಿ ಎಂದುಕೊಂಡವರು ಬಹಳ. ಆ ಹೆಸರುಗಳು ಸೂಚಿಸುತ್ತಿದ್ದುದು ಕಾಲು ಚಿಪ್ಪಿನೊಳಗೆ ಎಲ್ಲಿಗೆ ಸೇರಿದೆ ಎಂಬುದನ್ನೇ ಹೊರತು ಹೊರಗೆ ಎಲ್ಲಿಗೆ ಸೇರಿಸಬೇಕು ಎಂಬುದನ್ನಲ್ಲ. ಅನಲಾಗ್ ಡಿವೈಸಸ್ ಕಂಪನಿಯ ವಾಲ್ಟ್ ಕೆಸ್ಟರ್ ಇದನ್ನು ಬಿಡಿಸಿ ಬರೆದು, ಎರಡೂ ಕಾಲುಗಳನ್ನು ಅನಲಾಗ್ ಗ್ರೌಂಡಿಗೇ ಸೇರಿಸಿ ಎಂದು ಸಲಹೆ ಕೊಟ್ಟರು.

ಕಡಿಮೆ ವೇಗದ ದಿನಗಳಲ್ಲಿ ಸೀಳು ಅಷ್ಟೇನೂ ಕಾಡಲಿಲ್ಲ. ಬಿಸಿ ಮುಟ್ಟಿಸಿದ್ದು ಕಾನೂನು ಮತ್ತು ವೇಗ ಎರಡೂ. 1979ರಲ್ಲಿ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಕಂಪ್ಯೂಟರ್ ಉಪಕರಣಗಳು ಹೊರಸೂಸುವ ರೇಡಿಯೊ ಅಲೆಗಳಿಗೆ ಮಿತಿ ಹಾಕಿತು. ಟಿಆರ್‌ಎಸ್-80 ಮಾಡೆಲ್ 1 ಎಂಬ ಜನಪ್ರಿಯ ಮನೆ ಕಂಪ್ಯೂಟರ್ ಈ ಮಿತಿಯೊಳಗೆ ಬರಲಾಗದೆ ಮಾರುಕಟ್ಟೆಯಿಂದ ಮರೆಯಾಯಿತು. ಅದು ಎಷ್ಟು ಸೂಸುತ್ತಿತ್ತೆಂದರೆ, ಪಕ್ಕದಲ್ಲಿ ಎಎಂ ರೇಡಿಯೊ ಇಟ್ಟು ಆಟಗಳಿಗೆ ಸದ್ದು ಪಡೆಯುತ್ತಿದ್ದರು. ಯುರೋಪಿನ ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ನಿರ್ದೇಶನ 1996ರ ಜನವರಿಯಿಂದ ಕಡ್ಡಾಯವಾಯಿತು. ಬೋರ್ಡಿನ ಪ್ರತಿ ಕುಣಿಕೆಗೂ ಲೆಕ್ಕ ಕೊಡಬೇಕಾದ ಕಾಲ ಬಂತು.

ಅದೇ ಹೊತ್ತಿಗೆ ಸೀಳು ಇನ್ನೊಂದು ಬಾಗಿಲಿನಿಂದ ಒಳಬಂತು. 1997ರ ಪೆಂಟಿಯಂ ಎಂಎಂಎಕ್ಸ್ ಪ್ರೊಸೆಸರಿನ ತಿರುಳಿಗೆ 2.8 ವೋಲ್ಟ್ ಬೇಕಾದರೆ ಹೊರಸಂಪರ್ಕಕ್ಕೆ 3.3 ವೋಲ್ಟ್ ಬೇಕಿತ್ತು. ಅಗ್ಗದ ನಾಲ್ಕು ಪದರದ ಮದರ್‌ಬೋರ್ಡಿನಲ್ಲಿ ಪೂರೈಕೆಗಿದ್ದ ಒಂದೇ ಪ್ಲೇನನ್ನು ಹೋಳು ಮಾಡದೆ ವಿಧಿಯಿರಲಿಲ್ಲ. ಕೆಳಮುಖದ ಟ್ರೇಸುಗಳಿಗೆ ಹತ್ತಿರದ ಪ್ಲೇನ್ ಅದೇ ಆಗಿದ್ದರಿಂದ ಅವು ಸೀಳಿನ ಮೇಲೆಯೇ ಓಡಾಡಬೇಕಾಯಿತು. ಎರಡೂ ದಡಗಳ ನಡುವೆ, ಟ್ರೇಸಿಗೆ ಆದಷ್ಟು ಹತ್ತಿರ, ಕೆಪಾಸಿಟರ್ ಹೊಲಿಯುವ ಉಪಾಯ ಹೀಗೆ ರೂಢಿಗೆ ಬಂತು. ಕೆಪಾಸಿಟರಿಗೂ ಅದರ ಕಾಲುದಾರಿಗಳಿಗೂ ಇಂಡಕ್ಟೆನ್ಸ್ ಇದ್ದೇ ಇರುವುದರಿಂದ ಆವರ್ತನ ಏರಿದಂತೆ ಈ ತೇಪೆಯ ಬಲ ಕುಗ್ಗುತ್ತದೆ. ಸೆಕೆಂಡಿಗೆ 480 ಮೆಗಾಬಿಟ್ ವೇಗದ ಯುಎಸ್‌ಬಿ 2.0 ಬಂದಾಗ, ಜೋಡಿ ಟ್ರೇಸುಗಳು ಸೀಳು ದಾಟದಿರಲಿ ಎಂದು ಇಂಟೆಲ್ ತನ್ನ ವಿನ್ಯಾಸ ಸೂಚಿಯಲ್ಲೇ ಎಚ್ಚರಿಸಿತು.

ಅಭಿಪ್ರಾಯದ ಗಾಳಿ ತಿರುಗಿಸಿದವರಲ್ಲಿ ಹೋವರ್ಡ್ ಜಾನ್ಸನ್ ಮತ್ತು ಮಾರ್ಟಿನ್ ಗ್ರಹಾಂ ಮುಖ್ಯರು. 1993ರ ಅವರ ‘ಹೈ-ಸ್ಪೀಡ್ ಡಿಜಿಟಲ್ ಡಿಸೈನ್’ ಪುಸ್ತಕ ಮರಳುವ ಕರೆಂಟಿನ ದಾರಿಯನ್ನು ಎಂಜಿನಿಯರುಗಳ ಕಣ್ಣಿಗೆ ಕಟ್ಟಿಸಿತು. ಎಂಜಿನಿಯರ್ ಹೆನ್ರಿ ಆಟ್ 2001ರ ಲೇಖನವೊಂದರಲ್ಲಿ ಇನ್ನೂ ನೇರವಾಗಿ ಹೇಳಿದರು: ಗ್ರೌಂಡ್ ಒಂದೇ ಇರಲಿ, ಸೀಳಬೇಡಿ, ಅನಲಾಗ್ ಬಿಡಿಭಾಗಗಳನ್ನು ಒಂದು ಕಡೆ, ಡಿಜಿಟಲ್ ಬಿಡಿಭಾಗಗಳನ್ನು ಇನ್ನೊಂದು ಕಡೆ ಕೂರಿಸಿ, ಟ್ರೇಸುಗಳು ತಮ್ಮ ತಮ್ಮ ಸೀಮೆಯಲ್ಲೇ ಇರಲಿ. ಸೀಳಲೇಬೇಕಾದರೆ ಒಂದು ಕಡೆ ಸೇತುವೆ ಬಿಟ್ಟು, ದಾಟುವ ಟ್ರೇಸುಗಳನ್ನೆಲ್ಲ ಅದರ ಮೇಲೆಯೇ ಒಯ್ಯಬೇಕು. ಕರೆಂಟ್ ತಾನಾಗಿ ಟ್ರೇಸಿನ ಕೆಳಗೇ ಇರುವಾಗ ಅದನ್ನು ತಡೆಯಲು ಗೋಡೆ ಕಟ್ಟುವುದೇಕೆ ಎಂಬ ಈ ವಾದಕ್ಕೆ ಗಟ್ಟಿ ಉತ್ತರ ಅಪರೂಪ.

ಸೀಳು ಸಂಪೂರ್ಣ ತಪ್ಪೆಂದು ಮಾತ್ರ ಹೇಳುವಂತಿಲ್ಲ. ಗೋಡೆಯ ಪ್ಲಗ್ಗಿನಿಂದ ಬರುವ ಅಪಾಯಕಾರಿ ವೋಲ್ಟೇಜ್ ಒಂದು ಕಡೆ, ಮನುಷ್ಯ ಮುಟ್ಟುವ ಸರ್ಕಿಟ್ ಇನ್ನೊಂದು ಕಡೆ ಇರುವ ಚಾರ್ಜರು, ವೈದ್ಯಕೀಯ ಉಪಕರಣಗಳಲ್ಲಿ ಎರಡು ಗ್ರೌಂಡುಗಳ ನಡುವೆ ಸುರಕ್ಷತಾ ಮಾನದಂಡ ಹೇಳಿದಷ್ಟು ಅಂತರ ಬಿಡುವುದು ಕಡ್ಡಾಯ. ಆ ಸೀಳಿನ ಮೇಲೆ ಬರಿಯ ಟ್ರೇಸ್ ಹಾಯುವುದಿಲ್ಲ. ಸಿಗ್ನಲ್ ದಾಟುವುದು ಟ್ರಾನ್ಸ್‌ಫಾರ್ಮರ್, ಆಪ್ಟೊಕಪ್ಲರ್‌ನಂಥ ಪ್ರತ್ಯೇಕಕಗಳ ಮೂಲಕವೇ.