ಕತ್ತಲೆಯ ಕಾವಲು

ಬೆಳಕೆಂದರೆ ಜ್ಞಾನ, ಕತ್ತಲೆಯೆಂದರೆ ಅಜ್ಞಾನ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಲಡಾಖಿನ ಹಾನ್ಲೆಯಲ್ಲಿ ಆ ಪಾಠ ತಲೆಕೆಳಗಾಯಿತು.

ಅದು ಮಳೆ ಕಾಣದ ಶೀತ ಮರುಭೂಮಿ. ಚಾಂಗ್‌ಥಾಂಗ್ ಅಭಯಾರಣ್ಯದ ಆ ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳು ನಿರ್ಭಯವಾಗಿ ಮೇಯುತ್ತಿದ್ದವು. ದಿಣ್ಣೆಯ ಮೇಲೆ 17ನೇ ಶತಮಾನದ ಬೌದ್ಧ ಮಠ. ಅದರ ಕಾಲದ ದೊರೆ ಸೆಂಗ್ಗೆ ನಮ್‌ಗ್ಯಾಲ್ 1642ರಲ್ಲಿ ತೀರಿಕೊಂಡದ್ದೂ ಹಾನ್ಲೆಯಲ್ಲೇ.

ಆಚೆಯ ಬೆಟ್ಟಕ್ಕೆ ಸರಸ್ವತಿಯ ಹೆಸರು; ಎತ್ತರ ಸುಮಾರು 4,500 ಮೀಟರ್. ನಾಲ್ಕು ಹೆಜ್ಜೆಗೇ ಏದುಸಿರು. ಮೇಲೆ ಎರಡು ಮೀಟರ್ ಕನ್ನಡಿಯ ಚಂದ್ರ ದೂರದರ್ಶಕವಿದೆ. 2000ದಲ್ಲಿ ಅದು ಮೊದಲ ಬಾರಿ ಆಕಾಶ ನೋಡಿತು. ಉಪಗ್ರಹದ ಮೂಲಕ ಅದನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕುಳಿತಿರುತ್ತಾರೆಂದು ತಿಳಿದಾಗ ತವರಿನವರು ಸಿಕ್ಕಷ್ಟು ಹಿಗ್ಗಾಯಿತು.

ಹಾನ್ಲೆಯ ಸುತ್ತಿನ ಆಕಾಶದ ಕತ್ತಲೆಗೆ 2022ರಿಂದ ಮೀಸಲು ಪ್ರದೇಶದ ರಕ್ಷಣೆಯಿದೆ. ಅದಕ್ಕಾಗಿ ಊರವರು ಕಿಟಕಿಗಳಿಗೆ ದಪ್ಪ ಪರದೆ ಎಳೆಯುತ್ತಾರೆ. ಇದನ್ನರಿಯದೆ ರಾತ್ರಿ ಅಂಗಳದಲ್ಲಿ ಟಾರ್ಚು ಹಾಕಿದೆ. ನಾವು ಉಳಿದಿದ್ದ ಮನೆಯಾಕೆ ಮೆಲ್ಲಗೆ ನನ್ನ ಕೈ ಒತ್ತಿ ಅದನ್ನು ಆರಿಸಿದಳು. ಬೆರಳೆತ್ತಿ ಮೇಲೆ ತೋರಿಸಿದಳು. ಆಕಾಶಗಂಗೆ ಬೆಟ್ಟದಿಂದ ಬೆಟ್ಟಕ್ಕೆ ಹರಿದಿತ್ತು.

ಶಾಲೆ ತೆರೆದ ಮೇಲೆ ಮಕ್ಕಳಿಗೆ ಆಕೆಯ ಪಾಠವನ್ನೂ ಹೇಳಬೇಕು.