ರಾಗದ ಹೊರಗಿನ ಸ್ವರ: ಕಲ್ಯಾಣದ ಶಾಸ್ತ್ರ, ಮಾಣಿಕನಗರದ ಹಾಡಿಕೆ

ರಾಗಕ್ಕೆ ಗೊತ್ತುಮಾಡಿದ ಸ್ವರಗಳ ನಡುವೆ ಬೇರೊಂದು ಸ್ವರವನ್ನು ಬರಗೊಡುವುದು ಹಾಡುಗಾರನ ಸ್ವೇಚ್ಛೆಯಲ್ಲ, ಅದಕ್ಕೂ ಕಟ್ಟಳೆಗಳಿವೆ. ಭರತನ ನಾಟ್ಯಶಾಸ್ತ್ರದ ಕಾಲದಲ್ಲೇ ಮೊದಲಾದ ಈ ವಿಚಾರ ಕನ್ನಡ ನಾಡಿನಲ್ಲಿ ಬೆಳೆದ ದಾರಿಯಲ್ಲಿ ಬೀದರ್ ಜಿಲ್ಲೆಯ ಎರಡು ಊರುಗಳು ಸಿಗುತ್ತವೆ: ಬಸವಕಲ್ಯಾಣ ಮತ್ತು ಹುಮನಾಬಾದ್.

ಹನ್ನೊಂದನೆಯ ಶತಮಾನದ ನಡುವೆ ಒಂದನೆಯ ಸೋಮೇಶ್ವರ ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ತಂದ. ಅವನ ಮರಿಮಗನ ಕಾಲದವರೆಗೂ ಇಲ್ಲಿ ಸಂಗೀತ ಬರಿಯ ಆಸ್ಥಾನದ ಅಲಂಕಾರವಾಗಿರಲಿಲ್ಲ, ಅರಸರೇ ಬರೆಯುವ ವಿದ್ಯೆಯಾಗಿತ್ತು. ಮೊಮ್ಮಗ ಮೂರನೆಯ ಸೋಮೇಶ್ವರನ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ' 1130ರ ಆಸುಪಾಸಿನದು. ಇಪ್ಪತ್ತು ಅಧ್ಯಾಯಗಳಂತೆ ಐದು ಭಾಗ. ಅದರೊಳಗೆ ಗೀತ, ವಾದ್ಯ, ನೃತ್ಯಗಳು ಅರಸನ ವಿನೋದಗಳ ಸಾಲಿನಲ್ಲಿ ಕುಳಿತಿವೆ. ಗೀತದ ಭಾಗ ರಾಗಗಳನ್ನಷ್ಟೇ ಅಲ್ಲ, ಕನ್ನಡದ ತ್ರಿಪದಿ, ಷಟ್ಪದಿಗಳನ್ನೂ ಮರಾಠಿ ಹೆಂಗಸರು ಧಾನ್ಯ ಕುಟ್ಟುತ್ತ ಹಾಡುವ ಓವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಗ ಎರಡನೆಯ ಜಗದೇಕಮಲ್ಲ ಬರೆದ 'ಸಂಗೀತ ಚೂಡಾಮಣಿ' ಪೂರ್ತಿ ಉಳಿದಿಲ್ಲ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ಸಂಗೀತರತ್ನಾಕರ ಬರೆಯುವಾಗ ತನಗಿಂತ ಹಿಂದಿನ ಆಚಾರ್ಯರ ಪಟ್ಟಿಯಲ್ಲಿ ಈ ತಂದೆಮಕ್ಕಳಿಬ್ಬರ ಹೆಸರನ್ನೂ ಸೇರಿಸಿದ.

ಇವರೆಲ್ಲರಿಗೂ ಮೂಲವಾದ ಲೆಕ್ಕ ಒಂದೇ. ಸ್ಥಾಯಿಗೆ 22 ಶ್ರುತಿ. ಷಡ್ಜಗ್ರಾಮದಲ್ಲಿ ಸ, ಮ, ಪಗಳಿಗೆ ನಾಲ್ಕು ನಾಲ್ಕು, ರಿ, ಧಗಳಿಗೆ ಮೂರು ಮೂರು, ಗ, ನಿಗಳಿಗೆ ಎರಡೆರಡು. ಗಾಂಧಾರ ತನ್ನ ಜಾಗ ಬಿಟ್ಟು ಮಧ್ಯಮದ ಎರಡು ಶ್ರುತಿಗಳನ್ನು ಏರಿದರೆ ಅಂತರ ಗಾಂಧಾರ. ನಿಷಾದ ಹಾಗೆಯೇ ಷಡ್ಜದ ಕಡೆಗೆ ಏರಿದರೆ ಕಾಕಲಿ ನಿಷಾದ. ಇವು ಏಳರ ಸಾಲಿಗೆ ಸೇರದ ಸ್ವರಗಳು. ಭರತ ಇವನ್ನು ನಿಷೇಧಿಸಲಿಲ್ಲ, ಷರತ್ತು ಹಾಕಿದ: ಆರೋಹದಲ್ಲಿ ಮಾತ್ರ ಬರಬೇಕು, ಅದೂ ಸ್ವಲ್ಪವಾಗಿ; ಅವರೋಹದಲ್ಲಿ ಕೂಡದು. ಸ್ವರಗಳ ನಂಟನ್ನು ಶಾಸ್ತ್ರಕಾರರು ಅರಮನೆಯ ಮಾತಿನಲ್ಲೇ ವಿವರಿಸಿದರು: ವಾದಿ ಅರಸ, ಸಂವಾದಿ ಮಂತ್ರಿ, ಅನುವಾದಿ ಸೇವಕ, ವಿವಾದಿ ವೈರಿ. ಆದರೆ ವೈರಿಯನ್ನು ಊರಿಗೇ ಬರಗೊಡದ ಕಟ್ಟುನಿಟ್ಟು ಹಾಡಿಕೆಯಲ್ಲಿ ಎಂದೂ ಇದ್ದಂತಿಲ್ಲ.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಮೂರ್ಛನೆ ಬದಲಾದಂತೆ ಆರಂಭದ ಸ್ವರವೂ ಬದಲಾಗುತ್ತಿದ್ದ ಆ ಪದ್ಧತಿಯಲ್ಲಿ 'ಒಳಗೆ', 'ಹೊರಗೆ' ಎಂಬ ಗೆರೆ ಈಗಿನಷ್ಟು ಗಟ್ಟಿಯಾಗಿರಲಿಲ್ಲ. ಷಡ್ಜ ಒಂದೇ ಕಡೆ ನಿಂತು, ತಂಬೂರಿ ಅದನ್ನು ಬಿಡದೆ ಮಿಡಿಯತೊಡಗಿದ ಮೇಲೆ ಆ ಗೆರೆ ಬಿತ್ತು. ವಿಜಯನಗರದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಬರೆದು ರಾಗಗಳನ್ನು ಮೇಳಗಳಿಗೆ, ಅಂದರೆ ಗೊತ್ತಾದ ಸ್ವರಗಳ ಗುಂಪುಗಳಿಗೆ, ಹಂಚಿದ. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ಮೇಳಗಳ ಲೆಕ್ಕವನ್ನು 72ಕ್ಕೆ ಒಯ್ದ. ಮೇಳ ಬಂದದ್ದರಿಂದಲೇ ಅದಕ್ಕೆ ಸೇರದ ಅನ್ಯಸ್ವರವೂ ಬಂತು. ಕರ್ನಾಟಕ ಪದ್ಧತಿಯಲ್ಲಿ ಇಂದು ಭಾಷಾಂಗ ರಾಗವೆಂದರೆ ಅನ್ಯಸ್ವರವುಳ್ಳ ರಾಗ: ಕಾಂಭೋಜಿಯಲ್ಲಿ ಕಾಕಲಿ ನಿಷಾದ, ಭೈರವಿಯಲ್ಲಿ ಎರಡು ಧೈವತ. ಶಾರ್ಙ್ಗದೇವನಲ್ಲಿ ಭಾಷಾಂಗಕ್ಕೆ ಈ ಲಕ್ಷಣವಿಲ್ಲ.

ಚಾಲುಕ್ಯರ ಬಳಿಕ ಈ ಸೀಮೆಯ ಸಂಗೀತ ಅರಮನೆ ಬಿಟ್ಟು ಮಠ, ಸಂಸ್ಥಾನಗಳ ಆಸರೆ ಹಿಡಿಯಿತು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕದಲ್ಲಿ ಮಾಣಿಕನಗರವನ್ನು ನೆಲೆಗೊಳಿಸಿ, 1865ರಲ್ಲಿ ಅಲ್ಲಿಯೇ ಸಮಾಧಿ ಹೊಂದಿದರು. ಸಕಲಮತ ಸಂಪ್ರದಾಯದ ಆ ಗದ್ದುಗೆಗೆ ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಂಡರು. ಪ್ರಭುಗಳ ಪದಗಳು ಕನ್ನಡ, ಮರಾಠಿ, ಹಿಂದಿ, ಸಂಸ್ಕೃತಗಳಲ್ಲಿವೆ. ದತ್ತ ಜಯಂತಿಯ ಜಾತ್ರೆ, ದರ್ಬಾರುಗಳಲ್ಲಿ ಸಂಗೀತಕ್ಕೆ ಇಂದಿಗೂ ಮೊದಲ ಮಣೆ.

ಇಲ್ಲಿ ನೆಲೆಯೂರಿದ್ದು ಹಿಂದುಸ್ತಾನಿ ಹಾಡಿಕೆ. ಅದರಲ್ಲಿ ಹೊರಗಿನ ಸ್ವರದ ನಡೆಯನ್ನು ತಿಳಿಯಲು ಯಮನ್ ಕಲ್ಯಾಣ ಸಾಕು. ಯಮನ್‌ಗೆ ಇರುವುದು ತೀವ್ರ ಮಧ್ಯಮವೊಂದೇ. ಯಮನ್ ಕಲ್ಯಾಣದಲ್ಲಿ ಶುದ್ಧ ಮಧ್ಯಮವೂ ಬರುತ್ತದೆ, ಆದರೆ ಎರಡು ಗಾಂಧಾರಗಳ ಮಧ್ಯೆ ಸಿಕ್ಕಿಕೊಂಡು: ಪ, ತೀವ್ರ ಮ, ಗ, ಶುದ್ಧ ಮ, ಗ, ರಿ, ಸ. ಆ ಶುದ್ಧ ಮಧ್ಯಮದ ಮೇಲೆ ಗಾಯಕ ನಿಲ್ಲುವಂತಿಲ್ಲ. ನಿಂತರೆ ರಾಗವೇ ಕೆಟ್ಟಿತು. ಭೈರವಿ ಇದಕ್ಕಿಂತ ಧಾರಾಳಿ. ಠುಮರಿ, ಭಜನೆಗಳಲ್ಲಿ ಅದು ಹನ್ನೆರಡೂ ಸ್ವರಗಳಿಗೆ ಎಡೆ ಕೊಡುತ್ತದೆ. ಕಛೇರಿ ಮುಗಿಸುವ ರಾಗವಾಗಿ ಅದು ನಿಂತದ್ದಕ್ಕೆ ಈ ಧಾರಾಳವೂ ಒಂದು ಕಾರಣವಿರಬೇಕು.

ಬೇಸ್ ಗಿಟಾರ್ ನುಡಿಸುವವರ ಕಸುಬಿನಲ್ಲೂ ಇದೇ ಕಟ್ಟಳೆ ಕೆಲಸ ಮಾಡುತ್ತದೆ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಂದದ್ದು 1951ರಲ್ಲಿ. ಸಿನಿಮಾ ಹಾಡುಗಳ ಮೂಲಕ ಆ ವಾದ್ಯ ಜಾತ್ರೆಯ ಆರ್ಕೆಸ್ಟ್ರಾಗಳಿಗೂ ಇಳಿಯಿತು. ಶುದ್ಧ ಸ್ವರಗಳ ಹಾಡಿನಲ್ಲಿ ಷಡ್ಜದ ಕಾರ್ಡ್‌ನಿಂದ ಪಂಚಮದ ಕಾರ್ಡ್‌ಗೆ ಹೋಗಬೇಕಾದಾಗ ಬೇಸ್ ನುಡಿಸುವವರು ನಾಲ್ಕು ಮಾತ್ರೆಗೆ ಸ, ಗ, ಶುದ್ಧ ಮ, ತೀವ್ರ ಮ ಎಂದಿಟ್ಟು ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಪಂಚಮದ ಮೇಲೆ ಇಳಿಯುತ್ತಾರೆ. ಹೊರಗಿನ ತೀವ್ರ ಮಧ್ಯಮ ದುರ್ಬಲವಾದ ಕೊನೆಯ ಪೆಟ್ಟಿನಲ್ಲಿ ಬಂದು, ಮೇಲಕ್ಕೇರಿ, ಪಕ್ಕದ ಸ್ವರದಲ್ಲಿ ಕರಗುತ್ತದೆ. ಆರೋಹದಲ್ಲಿ ಮಾತ್ರ, ಅದೂ ಸ್ವಲ್ಪ ಎಂದ ಭರತ ಇದಕ್ಕೆ ಆಕ್ಷೇಪ ಎತ್ತುತ್ತಿರಲಿಲ್ಲ. ಬೇಸ್‌ನಲ್ಲಿ ಮೇಲಿನಿಂದ ಅರ್ಧ ಸ್ವರ ಇಳಿದು ಬರುವುದೂ ರೂಢಿಯಲ್ಲಿದೆ. ಅದನ್ನು ಮಾತ್ರ ಅವನು ಒಪ್ಪಲಾರ.

ವ್ಯತ್ಯಾಸವಿರುವುದು ಆಧಾರದಲ್ಲಿ. ತಂಬೂರಿಯ ಷಡ್ಜ ಹಾಡು ಮುಗಿಯುವ ತನಕ ಕದಲದು. ಬೇಸ್‌ನ ಕೆಳಗಿನ ಆಧಾರ ಕಾರ್ಡ್ ಬದಲಾದಾಗಲೆಲ್ಲ ಬದಲಾಗುತ್ತದೆ. ಷಡ್ಜದ ಮೇಜರ್ ಕಾರ್ಡ್ ನಡೆಯುವಾಗ ಹೊರಗಿನದಾದ ತೀವ್ರ ಮಧ್ಯಮ, ರಿಷಭದ ಮೇಜರ್ ಕಾರ್ಡ್ ಬಂದ ಕೂಡಲೇ ಆ ಕಾರ್ಡ್‌ನ ಮೂರು ಸ್ವರಗಳಲ್ಲಿ ಒಂದಾಗುತ್ತದೆ.